ಸೈಕಲ್ ಇಳಿಯೋ ಜಾಗ



ಹೋದ ತಿಂಗಳು ನಾನು ಹಾಕಿದ್ದ ಒಂದು ಫೋಟೋ ನೋಡಿ ಸುಮಾರು ಜನ ಕಾಲೆಳೆದಿರಿ. ತಲೆಗೆ ಹೆಲ್ಮೆಟ್ಟು, ಹಿಂದೆ ಹಸಿರು ಬೆಟ್ಟ, ಕೈಯಲ್ಲಿ ಬಾಡಿಗೆ ಸೈಕಲ್ಲು. "ಏನಣ್ಣ, ಹೋರಾಟ ಬಿಟ್ಟು ಟೂರ್ ಡಿ ಫ್ರಾನ್ಸಾ?" ಅಂತ ಒಬ್ಬ ಹಳೇ ಸಂಗಾತಿ ಫೋನ್ ಮಾಡಿಯೇ ಕೇಳಿದ. ನಕ್ಕು ಸುಮ್ಮನಾದೆ. ಆದರೆ ಆ ಫೋಟೋದಲ್ಲಿ ನಾನು ಸೈಕಲ್ ಮೇಲೆ ಕೂತಿಲ್ಲ, ಪಕ್ಕದಲ್ಲಿ ನಿಂತಿದ್ದೀನಿ. ಅದನ್ನ ಯಾರೂ ಗಮನಿಸಲಿಲ್ಲ. ಅದರ ಬಗ್ಗೆ ಬರೀಬೇಕು ಅಂತ ಅವತ್ತಿಂದ ಒದ್ದಾಡ್ತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ದಕ್ಷಿಣ ಫ್ರಾನ್ಸಿನ ತುಲೂಸ್ ನಗರದಲ್ಲಿ ಜಾತಿ ಬಗ್ಗೆ ಒಂದು ಸಣ್ಣ ಸಭೆ ಇತ್ತು, ಕರೆದಿದ್ದರು, ಹೋಗಿದ್ದೆ. ನನ್ನ ಅಕ್ಕನ ಮಗಳು ಸ್ಕಾಲರ್‌ಶಿಪ್ ಮೇಲೆ ಅಲ್ಲೇ ಓದ್ತಿದ್ದಾಳೆ. ಸಭೆಯಲ್ಲಿ ನಾನು ನಮ್ಮ ಕೇರಿ, ಬಾವಿ, ದೇವಸ್ಥಾನದ ಕಥೆ ಹೇಳಿ ಮುಗಿಸಿದ ಮೇಲೆ ಅಲ್ಲಿನ ಒಬ್ಬ ವಯಸ್ಸಾದ ಹೆಂಗಸು ಹತ್ತಿರ ಬಂದು, "ನೀವು ಹೇಳಿದ್ದು ನಮ್ಮ ಪಿರನೀಸ್ ಬೆಟ್ಟದಲ್ಲೂ ಇತ್ತು. ಸ್ಯಾಂ-ಸಾವ್ಯಾಂ ಚರ್ಚಿಗೆ ಹೋಗಿ ನೋಡಿ" ಅಂದರು. ಮಗಳು ಅದನ್ನ ಅನುವಾದ ಮಾಡಿ ಹೇಳಿದಳು. ವಾಪಸ್ ಬರೋಕೆ ಇನ್ನೂ ಎರಡು ದಿನ ಇತ್ತು. "ಅಲ್ಲಿಗೆ ಸೈಕಲ್ಲಲ್ಲೇ ಹೋಗಬಹುದು ಮಾವ. ಕಾರು, ಬೈಕು ಏನೂ ಬರಲ್ಲ, ಬರೀ ಸೈಕಲ್ ದಾರಿ" ಅಂತ ಅವಳೇ ಹೊರಡಿಸಿದಳು.

ತುಲೂಸಿನಿಂದ ಲೂರ್ದಿಗೆ ರೈಲಲ್ಲಿ ಸುಮಾರು ಎರಡು ಗಂಟೆ. ನಮ್ಮ ಕಡೆ ಲೂರ್ದು ಮಾತೆ ಅಂತಾರಲ್ಲ, ಅದೇ ಊರು. ದಿವಾಳಿಯೆದ್ದ ಹಿಟ್ಟಿನ ಗಿರಣಿಯವನ ಮಗಳು ಬರ್ನಡೆಟ್‌ಗೆ 1858ರಲ್ಲಿ ಮಾತೆ ಕಾಣಿಸಿಕೊಂಡಳು ಅನ್ನೋ ನಂಬಿಕೆಯ ಜಾಗ. ಆ ಹುಡುಗಿಯ ಸಂಸಾರ ಆಗ ಹಳೇ ಜೈಲಿನ ಒಂದೇ ಕೋಣೆಯಲ್ಲಿ ಬದುಕ್ತಿತ್ತಂತೆ. ಈಗ ಊರ ತುಂಬಾ ಲಾಡ್ಜು, ಮೇಣದಬತ್ತಿ, ಗಾಲಿಕುರ್ಚಿ. ನಾವು ಅಲ್ಲಿ ನಿಲ್ಲಲಿಲ್ಲ. ಬಾಡಿಗೆಗೆ ಎರಡು ಸೈಕಲ್ ತಗೊಂಡು ದಕ್ಷಿಣಕ್ಕೆ ಹೊರಟೆವು.

ಈ ದಾರಿಗೆ ಅವರು ವ್ವಾ ವೆರ್ತ್ ಅಂತಾರೆ, ಹಸಿರು ದಾರಿ ಅಂತ ಅರ್ಥ. ಲೂರ್ದಿನಿಂದ ಆರ್ಜೆಲೆಸ್ ಮೇಲೆ ಹಾದು ಪಿಯೆರ್‌ಫಿತ್ ತನಕ, ಹತ್ತಿರ ಹತ್ತಿರ 18 ಕಿಲೋಮೀಟರ್. ಒಂದು ಕಾಲಕ್ಕೆ ಇದು ರೈಲು ದಾರಿ. ರೈಲು ನಿಂತ ಮೇಲೆ ಹಳಿ ಕಿತ್ತು, ನುಣ್ಣಗೆ ಟಾರು ಹಾಕಿ, ಸೈಕಲ್ಲಿನವರಿಗೂ ನಡೆಯೋರಿಗೂ ಬಿಟ್ಟುಕೊಟ್ಟಿದ್ದಾರೆ. ಕಾರು ನುಗ್ಗದಂಗೆ ರಸ್ತೆ ಅಡ್ಡ ಬರೋ ಕಡೆಯೆಲ್ಲ ಕಂಬ ನೆಟ್ಟಿದ್ದಾರೆ. ಸುತ್ತ ಎಲ್ಲಿ ನೋಡಿದರೂ ಆಕಾಶಕ್ಕೆ ಎದ್ದ ಬೆಟ್ಟ, ಆದರೆ ನಮ್ಮ ಚಕ್ರದ ಕೆಳಗೆ ಏರು ಇದೆ ಅಂತಲೇ ಗೊತ್ತಾಗಲ್ಲ. ಯಾಕೆ ಅಂದರೆ ರೈಲಿಗೆ ಕಡಿದಾದ ಏರು ಹತ್ತೋಕಾಗಲ್ಲ. ನೂರು ಮೀಟರಿಗೆ ಎರಡು ಮೂರು ಮೀಟರ್ ಏರಿದರೇ ಅದಕ್ಕೆ ಏದುಸಿರು. ಹಾಗಾಗಿ ದಾರಿ ಮಾಡಿದವರು ದಿಬ್ಬ ಕಡಿದು, ಹಳ್ಳ ತುಂಬಿ, ನದಿಯ ಪಕ್ಕ ಪಕ್ಕದಲ್ಲೇ ಮಟ್ಟಸ ಮಾಡಿಕೊಂಡು ಹೋಗಿದ್ದಾರೆ. ಯಾರೋ ಕೂಲಿಯವರು ನೂರೈವತ್ತು ವರ್ಷದ ಹಿಂದೆ ಹಾರೆ ಹಿಡಿದು ಬೆಟ್ಟ ಕಡಿದದ್ದಕ್ಕೆ ಐವತ್ತು ದಾಟಿದ ನನ್ನ ಮಂಡಿ ಇವತ್ತು ಉಳೀತು.

ಎಡಬಲಕ್ಕೆ ಹುಲ್ಲುಗಾವಲು, ದನ, ಕಪ್ಪು ಕಲ್ಲುಹಲಗೆ ಹೊದಿಸಿದ ಮನೆಗಳು. ಗಾವ್ ಅನ್ನೋ ನದಿ ಒಮ್ಮೆ ಹತ್ತಿರ, ಒಮ್ಮೆ ದೂರ. ಹಾರನ್ ಇಲ್ಲ. ಇದನ್ನ ಹೆಂಗೆ ಹೇಳಲಿ? ಹಿಂದಿನಿಂದ ಯಾರೂ ಬರ್ತಿಲ್ಲ ಅನ್ನೋ ಧೈರ್ಯದಲ್ಲಿ ಸೈಕಲ್ ತುಳಿಯೋದು ನನಗೆ ಜೀವಮಾನದಲ್ಲಿ ಮೊದಲ ಸಲ. ಎದುರಿಗೆ ಸಿಕ್ಕೋರು ಹೆಚ್ಚು ಜನ ಮುದುಕ ಮುದುಕಿಯರು, ಕ್ಯಾರಿಯರಿನ ಎರಡೂ ಕಡೆ ಚೀಲ ಇಳಿಬಿಟ್ಟುಕೊಂಡು ಊರಿಂದೂರಿಗೆ ಹೋಗೋರು. ಎಲ್ಲರೂ "ಬೊಂಜೂರ್" ಅಂತಾರೆ. ನಾನೂ ಅಂದೆ. ಹತ್ತು ಸಲ ಅಂದ ಮೇಲೆ ನಾಲಿಗೆ ತಿರುಗಿತು.

ಇವರೆಲ್ಲ ಹುಟ್ಟಾ ಸಾಹುಕಾರರು ಅಂತ ಅಂದುಕೋಬೇಡಿ. 1936ರ ಜೂನ್‌ನಲ್ಲಿ ಅಲ್ಲಿನ ಕಾರ್ಮಿಕರು ದೇಶದ ತುಂಬಾ ಕಾರ್ಖಾನೆಗಳೊಳಗೇ ಕೂತು ಮುಷ್ಕರ ಹೂಡಿದ್ದರಿಂದ ವಾರಕ್ಕೆ 40 ಗಂಟೆ ಕೆಲಸ, ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಕಾನೂನಾಯ್ತು. ಆ ಬೇಸಿಗೆಯಲ್ಲೇ ಗಂಡ ಹೆಂಡಿರು ಜೋಡಿ ಸೈಕಲ್ ಹತ್ತಿ ಸಮುದ್ರ, ಬೆಟ್ಟ ನೋಡೋಕೆ ಹೊರಟರು. ಸುಮ್ಮನೆ ಖುಷಿಗೆ ಸೈಕಲ್ ಹೊಡೆಯೋದು ಬಡವರ ಕೈಗೆ ಬಂದದ್ದು ಹಂಗೆ, ಮುಷ್ಕರದಿಂದ. ನಮ್ಮಪ್ಪ ಇಪ್ಪತ್ತು ವರ್ಷ ಸೈಕಲ್ ಇಟ್ಟುಕೊಂಡಿದ್ದ. ಒಂದು ದಿನವೂ ಸುಮ್ಮನೆ ಹೊಡೆದದ್ದು ನಾನು ಕಾಣೆ.

ಇನ್ನೊಂದು ತಮಾಷೆ. ಟೂರ್ ಡಿ ಫ್ರಾನ್ಸ್ ಶುರು ಮಾಡಿದ ದೆಗ್ರಾಂಜ್ ಅನ್ನೋನಿಗೆ ಗೇರ್ ಕಂಡರೆ ಆಗ್ತಿರಲಿಲ್ಲ. ಗೇರು ಇರೋದು 45 ದಾಟಿದವರಿಗೆ ಅಂತ ಹಂಗಿಸ್ತಿದ್ದನಂತೆ. 1937ರ ತನಕ ಆ ರೇಸಿನಲ್ಲಿ ಗೇರು ಬದಲಾಯಿಸೋ ಯಂತ್ರಕ್ಕೆ ಅವಕಾಶವೇ ಇರಲಿಲ್ಲ. ನಾನು ದಾರಿಯುದ್ದಕ್ಕೂ ಲಟಪಟ ಅಂತ ಗೇರ್ ಬದಲಾಯಿಸ್ತಾ ಹೋದೆ, 45 ದಾಟಿ ಬಹಳ ದಿನ ಆಯ್ತಪ್ಪ ಅಂದುಕೊಂಡು.

ಈಗ ವಿಷಯಕ್ಕೆ ಬರ್ತೀನಿ.

ಹಸಿರು ದಾರಿ ಊರುಗಳ ಪಕ್ಕಕ್ಕೆ ಹಾದು ಹೋಗುತ್ತೆ. ಬ್ರೆಡ್ಡಿಗೋ, ಕಾಫಿಗೋ, ನೀರಿಗೋ ದಾರಿ ಬಿಟ್ಟು ಊರೊಳಗೆ ಹೋಗಬೇಕು. ಮೊದಲನೇ ಊರಲ್ಲಿ ನಾನು ಮನೆಗಳು ಶುರುವಾಗೋ ಕಡೆ ಸೈಕಲ್ ಇಳಿದು ತಳ್ಳಿಕೊಂಡು ಹೋದೆ. ಮಂಡಿ ನೋವು ಅಂತ ಅವಳು ತಿಳಕೊಂಡಳು. ಆರ್ಜೆಲೆಸ್‌ನಲ್ಲೂ ಹಂಗೇ ಮಾಡಿದೆ. ಅದಾದ ಮೇಲೆ ಒಂದು ಪುಟ್ಟ ಹಳ್ಳಿ, ಬೀದಿಯಲ್ಲಿ ಒಂದು ಬೆಕ್ಕು ಬಿಟ್ಟರೆ ನರಪಿಳ್ಳೆ ಇಲ್ಲ. ಅಲ್ಲೂ ಇಳಿದೆ. ಅವಳು ಮುಂದೆ ಹೋಗಿದ್ದೋಳು ತಿರುಗಿ ಬಂದು, "ಮಾವ, ನೀವ್ಯಾಕೆ ಊರು ಬಂದ ತಕ್ಷಣ ಇಳೀತೀರಿ?" ಅಂದಳು.

ಸತ್ಯವಾಗಿ ಹೇಳ್ತೀನಿ, ಅವಳು ಕೇಳೋ ತನಕ ನನಗೂ ಗೊತ್ತಿರಲಿಲ್ಲ. ಕಾಲು ತಾನಾಗೇ ಇಳೀತಿತ್ತು.

"ಏನಿಲ್ಲ, ನಡಿ" ಅಂದೆ.

ಪಿಯೆರ್‌ಫಿತ್‌ಗೆ ಹಸಿರು ದಾರಿ ಮುಗೀತು. ಅಲ್ಲಿಂದ ಸ್ಯಾಂ-ಸಾವ್ಯಾಂ ಮೇಲ್ಗಡೆ ಇದೆ, ಸಣ್ಣ ರಸ್ತೆ. ಇದು ರೈಲಿನ ಏರಲ್ಲ, ನಿಜವಾದ ಬೆಟ್ಟದ ಏರು. ಕೊನೇ ಗೇರಿಗೆ ಹಾಕಿ ಐದು ನಿಮಿಷ ತುಳಿದೆ, ಎದೆ ಬಡಕೊಳ್ಳೋಕೆ ಶುರುವಾಯ್ತು, ಇಳಿದೆ. ತಳ್ಳಿಕೊಂಡು ಹತ್ತುವಾಗ ರೇಸಿನ ಬಟ್ಟೆ ತೊಟ್ಟ ಒಬ್ಬ ಸರ್ರನೆ ಮೇಲಕ್ಕೆ ಹೋದ, ಹೋಗ್ತಾ ಏನೋ ಹುರಿದುಂಬಿಸಿ ಹೋದ. ಈ ಸುತ್ತಲ ಬೆಟ್ಟಗಳೆಲ್ಲ ರೇಸಿನಲ್ಲಿ ಹೆಸರುವಾಸಿ. ಎದುರಿಗೆ ಓತಾಕಾಂ, ಆಚೆಗೆ 2,115 ಮೀಟರಿನ ತೂರ್ಮಲೆ. 1910ರಲ್ಲಿ ಮೊದಲ ಸಲ ಈ ಎತ್ತರದ ಬೆಟ್ಟಗಳನ್ನ ರೇಸಿಗೆ ಸೇರಿಸಿದಾಗ ಎಂಥೆಂಥಾ ಸರದಾರರೂ ಇಳಿದು ತಳ್ಳಿಕೊಂಡೇ ಹತ್ತಿದ್ದು. ಆ ವರ್ಷ ಗೆದ್ದ ಲಾಪಿಜ್ ಕೂಡ ತಳ್ಳಿದವನೇ. ಇಳಿದು ತಳ್ಳೋದರಲ್ಲಿ ಅವಮಾನ ಇರಲೇಬೇಕು ಅಂತೇನಿಲ್ಲ. ಬೆಟ್ಟ ಇಳಿಸೋದಕ್ಕೂ ಮನುಷ್ಯ ಇಳಿಸೋದಕ್ಕೂ ವ್ಯತ್ಯಾಸ ಇದೆ ಅಷ್ಟೆ.

ಮೇಲೆ ಊರ ನಡುವೆ ಸಮತಟ್ಟು ಚೌಕ. ಹಳೇ ಕಲ್ಲಿನ ಚರ್ಚು, ಹನ್ನೆರಡನೇ ಶತಮಾನದ್ದು. ಏರು ಮುಗಿದಿತ್ತು. ನಾನು ಸೈಕಲ್ ಹತ್ತಲಿಲ್ಲ. ಫೋಟೋ ತೆಗೆದದ್ದು ಅಲ್ಲೇ.

ಒಳಗೆ ಬಾಗಿಲ ಬದಿಯಲ್ಲೊಂದು ಕಲ್ಲಿನ ಬಟ್ಟಲು. ಚರ್ಚಿಗೆ ಬಂದೋರು ಬೆರಳು ಅದ್ದಿ ಹಣೆಗೆ ಇಟ್ಟುಕೊಳ್ಳೋ ಪವಿತ್ರ ನೀರಿನ ಬಟ್ಟಲು. ಎರಡು ಪುಟ್ಟ ಮನುಷ್ಯಾಕೃತಿಗಳು ಅದನ್ನ ಹೊತ್ತುಕೊಂಡು ನಿಂತಿವೆ. ಇದನ್ನ ಕಗೋಗಳ ಬಟ್ಟಲು ಅಂತಾರೆ. ಉಳಿದವರು ಅದ್ದೋ ನೀರಿಗೆ ಕಗೋಗಳು ಬೆರಳು ಅದ್ದೋ ಹಂಗಿರಲಿಲ್ಲ.

ಯಾರು ಈ ಕಗೋಗಳು? ಪಿರನೀಸಿನ ಎರಡೂ ಕಡೆ, ಬೆಯಾರ್ನ್, ಬಿಗೋರ್, ಗ್ಯಾಸ್ಕನಿ, ಸ್ಪೇನಿನ ನವಾರದಲ್ಲಿ ನೂರಾರು ವರ್ಷ ಊರಾಚೆ ಬದುಕಿದ ಜನ. ಬಣ್ಣ ಬೇರೆ ಅಲ್ಲ, ಭಾಷೆ ಬೇರೆ ಅಲ್ಲ, ದೇವರೂ ಬೇರೆ ಅಲ್ಲ. ಆದರೂ ಕೇರಿ ಬೇರೆ, ಚರ್ಚಿಗೆ ಪಕ್ಕದ ಗಿಡ್ಡ ಬಾಗಿಲು, ಹೂಳೋಕೆ ಬೇರೆ ಜಾಗ, ಮದುವೆ ತಮ್ಮತಮ್ಮಲ್ಲೇ. ಪ್ರಸಾದದ ರೊಟ್ಟಿಯನ್ನ ಕೋಲಿನ ತುದಿಯಲ್ಲಿ ಕೊಡ್ತಿದ್ದರಂತೆ. ಬಟ್ಟೆ ಮೇಲೆ ಬಾತುಕೋಳಿ ಪಾದದ ಆಕಾರದ ಕೆಂಪು ಗುರುತು ಹೊಲಿಸಿಕೋಬೇಕಿತ್ತು. ಯಾಕೆ ಇವರು ಮೈಲಿಗೆಯಾದರು ಅನ್ನೋದಕ್ಕೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಕುಷ್ಠರೋಗಿಗಳ ಸಂತತಿ, ಸೋತ ಸೈನಿಕರ ಸಂತತಿ, ಧರ್ಮದ್ರೋಹಿಗಳ ಸಂತತಿ. ಯಾವುದೂ ಖಾತ್ರಿ ಇಲ್ಲ. ನನಗೆ ಇದು ಹೊಸದು ಅನ್ನಿಸಲಿಲ್ಲ. ತುಳಿಯೋದು ಮೊದಲು, ಕಾರಣ ಹುಡುಕೋದು ಆಮೇಲೆ.

ಅವರಿಗೆ ಬಿಟ್ಟಿದ್ದ ಕಸುಬು ಮರಗೆಲಸ. ಮರಕ್ಕೆ ಮೈಲಿಗೆ ತಟ್ಟಲ್ಲ ಅನ್ನೋ ಲೆಕ್ಕ. 1379ರಲ್ಲಿ ಬೆಯಾರ್ನಿನ ದೊರೆ ಗಾಸ್ತೋನ್ ಫೆಬುಸ್ ತನ್ನ ಮೊಂತಾನೆ ಕೋಟೆಯ ಮರಗೆಲಸವನ್ನ ಕಗೋಗಳಿಂದಲೇ ಮಾಡಿಸಿದ. ಚರ್ಚಿನ ತೊಲೆ, ಚಾವಣಿ ಕಟ್ಟಿದವರೂ ಅವರೇ. ಕಟ್ಟಿ ಮುಗಿಸಿ ಗಿಡ್ಡ ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕು.

ಇದನ್ನ ಮಗಳು ಫಲಕದಿಂದಲೂ ಫೋನಿಂದಲೂ ಓದಿ ಓದಿ ಹೇಳ್ತಿದ್ದಳು. ನಾನು ತಲೆಯೆತ್ತಿ ಮೇಲಿನ ಚಾವಣಿ ನೋಡ್ತಿದ್ದೆ. ನಮ್ಮಪ್ಪ ಗಾರೆ ಕೆಲಸದವನು. ನಮ್ಮೂರ ದೇವಸ್ಥಾನದ ಪೌಳಿಗೋಡೆಗೆ ಗಾರೆ ಹೊಡೆದವನು ಅವನೇ. ಗೋಡೆ ಒಣಗಿದ ಮೇಲೆ ಅದರ ಆಚೆಗೆ ನಿಂತು ಕೈ ಮುಗೀತಿದ್ದ.

ಆಮೇಲೆ ಅವಳು ಒಂದು ಮಾತು ಹೇಳಿದಳು, ಅದು ನನ್ನನ್ನ ಅಲ್ಲಾಡಿಸಿತು. "ಮಾವ, ಇವರು ಬರಿಗಾಲಲ್ಲಿ ನಡೆಯಂಗಿರಲಿಲ್ಲವಂತೆ. ಇವರ ಪಾದ ಸೋಕಿದರೆ ನೆಲ ಮೈಲಿಗೆ ಅಂತ, ಚಪ್ಪಲಿ ಬೂಟು ಹಾಕಲೇಬೇಕಿತ್ತಂತೆ."

ಅಲ್ಲಿ ಚಪ್ಪಲಿ ಹಾಕಲೇಬೇಕು. ನಮ್ಮಲ್ಲಿ ಹಾಕಲೇಬಾರದು. ನಮ್ಮಪ್ಪ ಊರ ಬಾಗಿಲ ಅರಳಿಕಟ್ಟೆ ಹತ್ತಿರ ಬಂದ ಕೂಡಲೇ ಸೈಕಲ್ ಇಳಿದು, ಎಕ್ಕಡ ಬಿಚ್ಚಿ ಹ್ಯಾಂಡಲ್ಲಿಗೆ ನೇತು ಹಾಕಿಕೊಂಡು, ಊರಬೀದಿ ದಾಟೋ ತನಕ ತಳ್ಳಿಕೊಂಡು ಹೋಗ್ತಿದ್ದ. ಕ್ಯಾರಿಯರಲ್ಲಿ ಕರಣೆ, ಮಟ್ಟಗೋಲು. ನಮ್ಮ ಕೇರಿ ಬೀದಿಯ ಆಚೆ ತುದಿಗಿತ್ತು, ಬೇರೆ ದಾರಿ ಇರಲಿಲ್ಲ. ದಿನಾ ಎರಡು ಸಲ. ಮಳೆಯಲ್ಲೂ.

ಚರ್ಚಿನ ಹೊರಗೆ ಕಲ್ಲುಬೆಂಚಿನ ಮೇಲೆ ಕೂತು ಇದನ್ನ ಅವಳಿಗೆ ಹೇಳಿದೆ. ಅವಳು ಮೈಸೂರಲ್ಲಿ ಹುಟ್ಟಿ ಬೆಳೆದೋಳು. ತಾತ ಸೈಕಲ್ ತಳ್ಳಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ವೇದಿಕೆಗಳಲ್ಲಿ ಹೇಳಿಕೊಂಡು ತಿರುಗಿದ ಕಥೇನ ನಾನು ಮನೆಯಲ್ಲಿ ಹೇಳಿರಲಿಲ್ಲ.

ನಿಮ್ಮಲ್ಲಿ ಕೆಲವರು ಆ ಕಥೆ ಕೇಳಿದ್ದೀರಿ. 1984, ಅಕ್ಕನ ಎಸ್ಸೆಸ್ಸೆಲ್ಸಿ ಪರೀಕ್ಷೆ. ನನಗೆ ಹದಿಮೂರು, ಅಕ್ಕನಿಗೆ ಹದಿನಾರು. ಹೊತ್ತಾಗಿತ್ತು. ಅಪ್ಪನ ಸೈಕಲ್ಲಲ್ಲಿ ಅಕ್ಕನ್ನ ಹಿಂದೆ ಕೂರಿಸಿಕೊಂಡು ಊರಬೀದಿಯಲ್ಲಿ ಇಳಿಯದೆ ತುಳಿದುಕೊಂಡು ಹೋದೆ. ಸಂವಿಧಾನದ 17ನೇ ವಿಧಿ ಬಂದು 34 ವರ್ಷ ಆದ ಮೇಲೆ. ಇಷ್ಟು ಹೇಳಿ ನಿಲ್ಲಿಸ್ತಿದ್ದೆ, ಚಪ್ಪಾಳೆ ಬೀಳ್ತಿತ್ತು. ಸಂಜೆ ಏನಾಯ್ತು ಅನ್ನೋದನ್ನ ಪೂರ್ತಿ ಹೇಳ್ತಿರಲಿಲ್ಲ. ಅಪ್ಪನ್ನ ಚಾವಡಿಗೆ ಕರೆಸಿದರು. ದಂಡ ಹಾಕಿದರು, ಅಡ್ಡ ಬೀಳಿಸಿದರು, ಸೈಕಲ್ಲನ್ನ ಎಂಟು ದಿನ ಚಾವಡಿಯಲ್ಲೇ ಇಟ್ಟುಕೊಂಡರು. ಮನೆಗೆ ಬಂದ ಅಪ್ಪ ಮಟ್ಟಗೋಲು ತಗೊಂಡು ನನಗೆ ಹೊಡೆದ. ಸೈಕಲ್ ವಾಪಸ್ ಬಂದ ಮೇಲೆ ಅವನು ಊರಬೀದಿಯಲ್ಲಿ ಮಾತ್ರ ಅಲ್ಲ, ಊರಾಚೆ ಬಯಲಲ್ಲೂ, ಯಾರೂ ಇಲ್ಲದ ಕಡೆಯೂ, ಕಾಲುವೆ ಏರಿ ತನಕ ತಳ್ಳಿಕೊಂಡೇ ಹೋಗ್ತಿದ್ದ. ಎರಡು ವರ್ಷ ಆದ ಮೇಲೆ ದಸಂಸದ ಗೆಳೆಯರು ಬಂದು ಅದೇ ಬೀದಿಯಲ್ಲಿ ಸೈಕಲ್ ಜಾಥಾ ಮಾಡಿದರು. ಹಾಡು, ತಮಟೆ, ನೀಲಿ ಬಾವುಟ. ಅಪ್ಪನೂ ಬಂದ. ಎಲ್ಲರಿಗಿಂತ ಹಿಂದೆ, ಸೈಕಲ್ ತಳ್ಳಿಕೊಂಡು.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈಗ ಕಗೋಗಳು ಎಲ್ಲಿದ್ದಾರೆ ಮಾವ?" ಅಂದಳು.

ಎಲ್ಲೂ ಇಲ್ಲ, ಎಲ್ಲಾ ಕಡೆ ಇದ್ದಾರೆ. ಅವರೇನು ಸುಮ್ಮನೆ ಕೂತಿರಲಿಲ್ಲ. ನವಾರದ ಕಗೋಗಳು 1514ರಲ್ಲಿ ನೇರ ಪೋಪನಿಗೇ ಅರ್ಜಿ ಹಾಕಿದರು. ಮರುವರ್ಷ, ಇವರನ್ನೂ ಉಳಿದ ಭಕ್ತರಂಗೇ ನಡೆಸಿಕೊಳ್ಳಿ ಅಂತ ಹತ್ತನೇ ಲಿಯೋ ಪೋಪ್ ಆಜ್ಞೆ ಹೊರಡಿಸಿದ. ಊರುಗಳು ಕೇಳಲಿಲ್ಲ. 1683ರಲ್ಲಿ ಹದಿನಾಲ್ಕನೇ ಲೂಯಿ ದೊರೆಯ ಫರ್ಮಾನು ಬಂತು, ಅದೂ ದುಡ್ಡು ಕಟ್ಟಿಸಿಕೊಂಡು. 1723ರಲ್ಲಿ ಬೋರ್ದೋ ನ್ಯಾಯಸಭೆ ಇವರನ್ನ ಹೀಯಾಳಿಸಿದರೆ ದಂಡ ಅಂತ ಹೇಳಿತು. ಮತ್ತೂ ಊರುಗಳು ಕೇಳಲಿಲ್ಲ. ಕಾನೂನಿಗೂ ಬೀದಿಗೂ ನಡುವೆ ಎಷ್ಟು ದೂರ ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1789ರ ಕ್ರಾಂತಿ ಬಂದಾಗ ಹಲವು ಕಡೆ ಕಗೋಗಳು ಕಚೇರಿಗೆ ನುಗ್ಗಿ ತಮ್ಮ ಹುಟ್ಟಿನ ದಾಖಲೆಗಳನ್ನೇ ನಾಶ ಮಾಡಿದರು ಅಂತ ಹೇಳ್ತಾರೆ. ಆಮೇಲೆ ನಿಧಾನಕ್ಕೆ ಕರಗಿಹೋದರು. ಇವತ್ತು ಆ ಕಣಿವೆಯಲ್ಲಿ ಬ್ರೆಡ್ ಮಾರೋನು ಯಾರ ಮೊಮ್ಮಗ ಅಂತ ಯಾರೂ ಕೇಳಲ್ಲ.

"ಮರೆತುಬಿಡೋದೂ ಒಂಥರಾ ಬಿಡುಗಡೆ ಅಲ್ವಾ?" ಅಂದಳು. ಅವಳ ಮಾತಲ್ಲಿ ಕೊಂಕು ಇರಲಿಲ್ಲ. ತುಲೂಸಲ್ಲಿ ಅವಳು ಯಾರು ಅಂತ ಫ್ರೆಂಚರು ಕೇಳಲ್ಲವಂತೆ. ಕೇಳೋದು ನಮ್ಮವರೇ, ನಮ್ಮ ದೇಶದಿಂದ ಓದೋಕೆ ಬಂದ ಹುಡುಗರು. ಪೂರ್ತಿ ಹೆಸರೇನು, ಮನೇಲಿ ಏನ್ ತಿಂತೀರ, ಯಾವ ಕೋಟಾ ಅಂತ. ಅವಳು ಏನೋ ಒಂದು ಹೇಳಿ ತಪ್ಪಿಸಿಕೊಳ್ತಾಳೆ. ನನಗೆ ಅದು ಅವತ್ತೇ ಗೊತ್ತಾಗಿದ್ದು.

ನಾನು ಭಾಷಣ ಮಾಡಬಹುದಿತ್ತು. ಎದುರಿಗೇ ಊರ ಕಚೇರಿ ಇತ್ತು, ಸ್ವಾತಂತ್ರ್ಯ, ಸಮಾನತೆ, ಸೋದರತ್ವ ಅನ್ನೋ ಮೂರು ಮಾತು ಫ್ರಾನ್ಸಿನ ಎಲ್ಲಾ ಊರ ಕಚೇರಿಗಳ ಮೇಲೂ ಇರ್ತವೆ. ಬಾಬಾಸಾಹೇಬರು 1954ರ ರೇಡಿಯೋ ಭಾಷಣದಲ್ಲಿ ಈ ಮೂರನ್ನೂ ನಾನು ಫ್ರೆಂಚರಿಂದ ಸಾಲ ತಂದಿಲ್ಲ, ಬುದ್ಧನಿಂದ ಪಡೆದೆ ಅಂದದ್ದು ಬಾಯಿಗೆ ಬಂತು. ನುಂಗಿಕೊಂಡೆ. ಇಷ್ಟು ಮಾತ್ರ ಹೇಳಿದೆ: "ಇಲ್ಲಿ ತುಳಿದವರೂ ಮರೆತರು ಕಣವ್ವ, ತುಳಿಸಿಕೊಂಡವರೂ ಮರೆತರು. ನಮ್ಮಲ್ಲಿ ಮರೀರಿ ಅಂತ ಹೇಳೋದು ನಮಗೆ ಮಾತ್ರ." ಅವಳಿಗೆ ಒಪ್ಪಿಗೆಯಾಯ್ತೋ ಇಲ್ಲವೋ. ನನಗೇ ಪೂರ್ತಿ ಒಪ್ಪಿಗೆ ಇದೆಯಾ ಅಂತ ಈಗಲೂ ಯೋಚಿಸ್ತಿದ್ದೀನಿ. ಸಂಗಾತಿಗಳು ಇದರ ಬಗ್ಗೆ ಬರೀರಿ, ನನಗೆ ನಿಜಕ್ಕೂ ಬೇಕು.

ಅವಳು ಅಲ್ಲಿಂದಲೇ ಅವರಮ್ಮನಿಗೆ ವಿಡಿಯೋ ಕಾಲ್ ಮಾಡಿದಳು. ಊರಲ್ಲಿ ಆಗ ರಾತ್ರಿ. ಅಕ್ಕ ಊಟ ಮುಗಿಸಿ ಎಲೆಅಡಿಕೆ ಹಾಕ್ತಿದ್ದಳು. ನಲವತ್ತು ವರ್ಷದಲ್ಲಿ ನಾನೂ ಅಕ್ಕನೂ ಆ ದಿನದ ಬಗ್ಗೆ ಒಂದು ಸಲವೂ ಮಾತಾಡಿರಲಿಲ್ಲ. ಮಗಳು ನೇರ ಕೇಳಿಬಿಟ್ಟಳು, "ಅಮ್ಮ, ಮಾವ ನಿನ್ನನ್ನ ಸೈಕಲ್ಲಲ್ಲಿ ಕೂರಿಸಿಕೊಂಡು ಊರಬೀದಿಯಲ್ಲಿ ಇಳೀದೆ ಹೋದ್ರಂತಲ್ಲ?"

ಅಕ್ಕ ಸುಮ್ಮನಾದಳು. ಆಮೇಲೆ, "ಎಲ್ಲಿ, ಅವನಿಗೆ ಕೊಡು" ಅಂದಳು.

"ಏನ್ಲಾ, ಹಂಗಂತ ಹೇಳಿದ್ಯಾ?"

"ಹೂಂ."

"ಕಟ್ಟೆ ಹತ್ರ ನೀನು ಒಂದು ಕಾಲು ಊರಿದ್ದೆ. ಇಳೀತೀನಿ ಅಕ್ಕ, ಅಂದೆ. ಇಳೀಬ್ಯಾಡ ತುಳಿ, ಗಂಟೆ ಆಗೋಯ್ತು ಅಂತ ಬೆನ್ನಿಗೆ ಗುದ್ದಿದೋಳು ನಾನು ಕಣ್ಲಾ. ನೆಪ್ಪಿಲ್ವಾ?"

ನೆನಪಿರಲಿಲ್ಲ. ಈಗ, ಅವಳು ಹೇಳಿದ ಮೇಲೆ, ಬೆನ್ನ ಮೇಲೆ ಆ ಗುದ್ದು ಇದೆ ಅನ್ನಿಸ್ತಿದೆ. ನಿಜಕ್ಕೂ ನೆನಪಾಗಿದ್ದೋ, ಅವಳು ಹೇಳಿದ್ದರಿಂದ ಹುಟ್ಟಿದ್ದೋ ಗೊತ್ತಿಲ್ಲ.

"ಮತ್ತೆ ಅಪ್ಪನಿಗೆ ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ರೆ ಮಾರನೇ ದಿನ ಪರೀಕ್ಷೆಗೆ ಕಳುಸ್ತಿರ್ಲಿಲ್ಲ. ಇನ್ನೂ ನಾಕು ಪೇಪರ್ ಇತ್ತು." ಎಲೆಗೆ ಸುಣ್ಣ ಸವರಿಕೊಂಡಳು. "ನಿನಗೆ ಬೀಳೋ ಏಟು ಕೇಳುಸ್ತಿತ್ತು ಕಣೋ ಒಳಕ್ಕೆ. ಪುಸ್ತಕ ಬಿಚ್ಕಂಡು ಕೂತಿದ್ದೆ."

ಮಗಳು ನನ್ನ ಮುಖ ನೋಡ್ತಿದ್ದಳು. ಅಕ್ಕ ಆ ಕಡೆಯಿಂದ ಕತ್ತು ಬಗ್ಗಿಸಿ ಪರದೆಯಲ್ಲಿ ಹಿಂದಿನ ಬೆಟ್ಟ ನೋಡಿ, "ಚೆಂದಾಗೈತಲ್ಲ ಜಾಗ. ಚಳಿ ಅದಾ?" ಅಂದಳು. ಆಮೇಲೆ ಫೋನ್ ಇಡೋ ಮುಂಚೆ, "ಇನ್ಮೇಲೆ ಮೈಕಿನ ಮುಂದೆ ಹೇಳುವಾಗ ಸರಿಯಾಗಿ ಹೇಳಪ್ಪ" ಅಂದಳು.

ಅದಕ್ಕೇ ಇದನ್ನ ಬರೆದೆ.

ಇಳಿಜಾರಿನಲ್ಲಿ ಮಗಳು ಬ್ರೇಕ್ ಬಿಟ್ಟು ಮುಂದೆ ಹೋದಳು. ಕೆಳಗೆ ಮನೆಗಳು ಶುರುವಾಗೋ ಕಡೆ ನನ್ನ ಕಾಲು ಮತ್ತೆ ಪೆಡಲ್ ಬಿಟ್ಟು ನೆಲ ಹುಡುಕಿತು. ಒಂದು ಕಾಲು ಊರಿ ನಿಂತೆ. ಅವಳು ಹಿಂದಕ್ಕೆ ತಿರುಗಿ ನೋಡಿ, ಅವರಮ್ಮನ ದನಿಯಲ್ಲೇ ಕೂಗಿದಳು: "ಇಳೀಬೇಡಿ ಮಾವ, ತುಳೀರಿ. ಆರು ಗಂಟೆಗೆ ಸೈಕಲ್ ವಾಪಸ್ ಕೊಡಬೇಕು!"